ತೊಳೆಯದ ಕವಳಿ ಹಣ್ಣು

ಮನೋಹರ್ ಅನ್ನುವ ಮನುಷ್ಯ ತುಳಸಿಯ ಕೈಯಲ್ಲಿದ್ದ ಗ್ಲಾಸಿಗೆ ಬಗ್ಗಿ ಮೂಗು ಇಟ್ಟನಲ್ಲ, ಆ ಗಳಿಗೆಯಲ್ಲೇ ಆ ಮೂಗು ಮುರಿಯಬೇಕು ಅನ್ನಿಸಿತು ನನಗೆ.

ಗ್ಲಾಸನ್ನು ಇಸಗೊಂಡು ಮೂಸಬಹುದಿತ್ತು. ಇಲ್ಲ, ಅವಳ ಬೆರಳು ಗ್ಲಾಸಿನ ಸುತ್ತ ಇರುವಾಗಲೇ ಬಗ್ಗಿದ. ಅವನ ಮುಂಗೂದಲು ಅವಳ ಮಣಿಕಟ್ಟಿಗೆ ತಾಗಿತು. ಅವಳು ಕೈ ಹಿಂದಕ್ಕೆ ತಗೊಳ್ಳಲಿಲ್ಲ. ನಾನು ಬೀರಿಗೆ ಹಾಕುವ ಮಾಲ್ಟಿನ ಚೀಲ ಹೆಗಲ ಮೇಲೆ ಹೊತ್ತುಕೊಂಡು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ.

"ಇಳಿಸೋ ರಾಯಾ, ಹೆಗಲು ನೋಯಂಗಿಲ್ಲೇನು?" ಅಂದಳು.

ನೋಯುತ್ತಿದ್ದದ್ದು ಹೆಗಲಲ್ಲ. ಆದರೂ ಇಳಿಸಿದೆ. ಸ್ವಲ್ಪ ಜೋರಾಗೇ ಇಳಿಸಿದೆ. ಧೂಳೆದ್ದು ಆ ಮನುಷ್ಯ ಸೀನಿದ. ಅಷ್ಟಾದರೂ ಆಯಿತು.

ತುಳಸಿ ಸಂಡೂರು ಕಡೆಯ ನಮ್ಮ ವಡ್ಡು ಊರಿನವಳು. ಅವರ ಮನೆ ಬಾಗಿಲಿಗೂ ನಮ್ಮ ಮನೆ ಬಾಗಿಲಿಗೂ ನಡುವೆ ಒಂದು ಗಾಡಿ ಹೋಗುವಷ್ಟು ದಾರಿ. ನಾನು ಒಂಬತ್ತನೇ ಕ್ಲಾಸಿಗೇ ಪುಸ್ತಕ ಬಿಟ್ಟು ಸ್ಟೇರಿಂಗ್ ಹಿಡಿದೆ. ಅವಳು ಬಳ್ಳಾರಿಯಲ್ಲಿ ಓದಿ, ಪುಣೆಯಲ್ಲಿ ಬೀರ್ ಮಾಡುವುದನ್ನು ಕಲಿತು, ಈಗ ಕಮಲಾಪುರದ ದಾರಿಯಲ್ಲಿರುವ ಒಂದು ರೆಸಾರ್ಟಿನಲ್ಲಿ ಬೀರ್ ಮಾಡುತ್ತಾಳೆ. ಅವಳ ಮಾಲ್ಟು, ಗ್ಯಾಸ್ ಸಿಲಿಂಡರು, ಖಾಲಿ ಡ್ರಮ್ಮು ಎಲ್ಲ ಸಾಗಿಸುವುದು ನನ್ನ ಪಿಕಪ್ಪು. ಸಂಜೆ ಅವಳನ್ನು ಊರಿಗೆ ಕರಕೊಂಡು ಬರುವುದೂ ಅದೇ.

"ತುಳಸಿ ಅಂತ ಹೆಸರಿಟ್ರ ಬೀರ್ ಕಾಸಾಕತ್ಯಾಳಲ್ಲೋ," ಅಂತ ಊರಲ್ಲಿ ನಕ್ಕವರಿದ್ದಾರೆ. ನಮ್ಮವ್ವ ಹೊಳೆಮ್ಮ ಅವರ ಬಾಯಿ ಮುಚ್ಚಿಸಿದ್ದಳು. "ಕಾಸಲಿ ಬಿಡ್ರೋ. ಕುಡಿದು ಬೀಳಾವ್ರು ನೀವು, ಆಕಿ ನೆಟ್ಟಗ ನಿಂತಾಳ."

ಆವತ್ತು ಸಂಜೆ ಗಾಡಿಯಲ್ಲಿ ಕೇಳಿಯೇಬಿಟ್ಟೆ. "ಯಾರದು, ಆ ಮೂಗಿನ ಮನುಷ್ಯ?"

"ಮನೋಹರ್ ಸರ್. ಬೆಂಗಳೂರಿನಾವ್ರು. ಗೋವಾದಾಗ ಬೀರ್ ಮಾಡೋ ಹೊಸ ಜಾಗ ಶುರು ಮಾಡಾಕತ್ಯಾರ. ನಾ ಈಗ ಮಾಡೋ ಹೊಸ ಬೀರ್ ಅವ್ರ ನಾಲಿಗಿಗೆ ಹಿಡಿಸಿದ್ರ, ಆ ಜಾಗ ಪೂರಾ ನನ್ನ ಕೈಗೇ ಕೊಡ್ತಾರಂತ."

ಗೇರ್ ಬದಲಿಸುವುದು ಮರೆತೆ, ಗಾಡಿ ಕೆಮ್ಮಿತು.

"ಗೋವಾಕ್ಕ ಹೋಗ್ತೀಯಾ?"

"ಬೀರ್ ಆಗ್ಲಿ ಮೊದ್ಲು." ಕಿಟಕಿಯ ಆಚೆ ನೋಡುತ್ತಾ ಅಂದಳು. "ಯಾಕ, ಹೋದ್ರ ನಿನಗೇನಾಗ್ತೈತಿ?"

ಹೇಳಬೇಕಿತ್ತು. ಏನಾಗುತ್ತದೆ ಅನ್ನುವುದು ನನಗೆ ಮೀಸೆ ಬಂದಾಗಿನಿಂದ ಗೊತ್ತಿತ್ತು. ಬಾಯಿ ತೆರೆದೆ. ಆಮೇಲೆ ಜೋರಾಗಿ ಹಾರ್ನ್ ಹೊಡೆದೆ. ರಸ್ತೆ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಎಮ್ಮಿ ಏನಾರ ಅಡ್ಡ ಬಂತೇನು?" ಅಂದಳು. ತುಟಿ ಕಚ್ಚಿಕೊಂಡು ನಗು ತಡೆಯುತ್ತಿದ್ದಳು. ಆ ತುಟಿಯನ್ನು ಮನೋಹರನೂ ನೋಡಿರುತ್ತಾನೆ ಅಂತ ನೆನೆದು, ಅಡ್ಡ ಬರದ ಎಮ್ಮೆಗೆ ಇನ್ನೊಮ್ಮೆ ಹಾರ್ನ್ ಹೊಡೆದೆ.

ಹೊಸ ಬೀರಿಗೆ ಪೇಲ್ ಏಲ್ ಅಂತ ಹೆಸರು. ತೆಳು ಬಂಗಾರದ ಬಣ್ಣ. ಎಲ್ಲರೂ ಅದಕ್ಕೆ ಪ್ಯಾಕೆಟ್ ಈಸ್ಟ್ ಹಾಕಿ ಹುದುಗಿಸುತ್ತಾರಂತೆ. ತುಳಸಿಗೆ ಕಾಡಿನದ್ದೇ ಬೇಕು.

"ದ್ವಾಸಿ ಹಿಟ್ಟು ಬೆಚ್ಚಗಿಟ್ರ ತಾನೇ ಉಬ್ಬತೈತಿ, ಹೌದಿಲ್ಲೋ? ಯಾರು ಉಬ್ಬಿಸ್ತಾರ ಅದನ್ನ? ಹಂಗ, ಹಣ್ಣಿನ ಸಿಪ್ಪಿ ಮ್ಯಾಲೂ ಕಣ್ಣಿಗೆ ಕಾಣದ ಜೀವ ಇರ್ತಾವ. ಅವನ್ನ ಹಿಡಿದು ಸಾಕಿ ಬೀರಿಗೆ ಬಿಡಬೇಕು. ಸಂಡೂರು ಗುಡ್ಡದ ಕವಳಿ ಹಣ್ಣು ತಂದುಕೊಡ್ತೀಯೇನು?"

ಹಣ್ಣೇನು, ಗುಡ್ಡಾನೇ ಕಿತ್ತು ತರ್ತೀನಿ ಅಂತ ಬಾಯಿಗೆ ಬಂದಿತ್ತು. "ನೋಡೋಣ," ಅಂದೆ.

ಮರುದಿನ ಬೆಳಿಗ್ಗೆಯೇ ಹೋಗಿ ಬುಟ್ಟಿ ತುಂಬ ಕಿತ್ತುಕೊಂಡು ಬಂದೆ. ಕಪ್ಪಗೆ ಮಿಂಚಬೇಕಾದ ಹಣ್ಣು ಗಣಿ ಲಾರಿಗಳ ಧೂಳು ಕೂತು ಕೆಂಪಗಾಗಿತ್ತು. ನಮ್ಮ ಕಡೆ ದೇವರಿಗೆ ಏರಿಸುವ ಹೂವನ್ನೂ ನೀರಲ್ಲಿ ಅದ್ದಿಯೇ ಏರಿಸುತ್ತೇವೆ. ಅಂಥದ್ದರಲ್ಲಿ ತುಳಸಿಗೆ ಕೊಡುವ ಹಣ್ಣು! ಕೂತು ಚೆನ್ನಾಗಿ ತೊಳೆದೆ. ಅವ್ವನ ಹಳೇ ಸೀರೆ ತುಂಡಿನಿಂದ ಒಂದೊಂದನ್ನೂ ಒರೆಸಿದೆ. ಅವ್ವ ಅಡುಗೆ ಮನೆಯಿಂದ ಇಣುಕಿ, "ನಿಮ್ಮಪ್ಪ ತನ್ನ ಜಲಮದಾಗ ನನಗ ಒಂದು ಬದನಿಕಾಯಿ ತೊಳೆದುಕೊಟ್ಟಿಲ್ಲ," ಅಂದಳು.

ತುಳಸಿ ಆ ಹಣ್ಣನ್ನು ಮಾಲ್ಟ್ ಕುದಿಸಿದ ಸಿಹಿ ನೀರಿಗೆ ಹಾಕಿ, ಗಾಜಿನ ಭರಣಿಗಳಿಗೆ ತೆಳು ಬಟ್ಟೆ ಕಟ್ಟಿ ಇಟ್ಟಳು. ಇದರಲ್ಲಿ ನೊರೆ ಬಂದರೆ ಈಸ್ಟ್ ಎದ್ದ ಹಾಗೆ. ಎದ್ದದ್ದನ್ನು ದೊಡ್ಡ ಟ್ಯಾಂಕಿಗೆ ಬಿಡಬೇಕು.

ನೊರೆ ಬರಲಿಲ್ಲ. ಎರಡು ದಿನ ಆಯಿತು, ಮೂರಾಯಿತು, ಮತ್ತೂ ಆಯಿತು. ಅವಳು ಭರಣಿಗೆ ಕಿವಿ ಹಚ್ಚಿ ಕೂರುತ್ತಿದ್ದಳು, ಜ್ವರ ಬಂದ ಕೂಸಿನ ಎದೆಗೆ ಕಿವಿ ಹಚ್ಚುವ ಹಾಗೆ. ರೆಸಾರ್ಟಿನಲ್ಲೇ ಬಿಡಾರ ಹೂಡಿದ್ದ ಮನೋಹರ್ ಅವಳ ಪಕ್ಕದಲ್ಲೇ ಕೂರುತ್ತಿದ್ದ.

"ಪ್ಯಾಕೆಟ್ ಈಸ್ಟ್ ಹಾಕಿಬಿಡಿ ತುಳಸಿ," ಅಂದ ಒಂದು ದಿನ, ನಾನು ಸಿಲಿಂಡರ್ ಇಳಿಸುವಾಗ. "ಕಾಡು ಎಲ್ಲಾ ಸಲ ಕೈ ಹಿಡಿಯಲ್ಲ." ಹೇಳುತ್ತಾ ಅವಳ ಭುಜದ ಮೇಲೆ ಕೈ ಇಟ್ಟ. ಸಮಾಧಾನಕ್ಕಂತೆ.

"ಇಲ್ರಿ ಸರ್, ಗುಡ್ಡದ ಹಣ್ಣಿನ ಮ್ಯಾಲ ಈಸ್ಟ್ ಇರದ ಇರಾಕ ಸಾಧ್ಯಾನ ಇಲ್ಲ..." ಅನ್ನುತ್ತಾ ತುಳಸಿ ತಟ್ಟನೆ ನನ್ನ ಕಡೆ ತಿರುಗಿದಳು. "ರಾಯಾ, ಹಣ್ಣು ತೊಳೆದಿಯೇನು?"

"ತೊಳೀದ ಕೊಡ್ತಾರೇನು?" ಎದೆ ಸೆಟೆಸಿ ಹೇಳಿದೆ. "ಉಪ್ಪು, ಅರಿಶಿಣ ಹಾಕಿ, ನೀರು ತಿಳಿ ಆಗೋ ತನಕ ತೊಳೆದೀನಿ."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಮನೋಹರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅರಿಶಿನ ಹಚ್ಚಿ ಸ್ನಾನ ಮಾಡಿಸಿದ್ದೀರಾ! ಮದುಮಗನ ಹಾಗೆ!" ತುಳಸಿ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಳು. ಅವಳ ಭುಜ ಕುಲುಕುತ್ತಿತ್ತು. ಆ ಭುಜದ ಮೇಲೆ ಅವನ ಕೈ ಇನ್ನೂ ಇತ್ತು.

ಸಿಪ್ಪೆಯ ಮೇಲಿನ ಜೀವವನ್ನೆಲ್ಲ ನಾನೇ ತೊಳೆದು ಬಚ್ಚಲಿಗೆ ಬಿಟ್ಟಿದ್ದೆ. ಸರಿ, ತಪ್ಪು ನನ್ನದೇ. ಆದರೆ ನಾನು ಉರಿದದ್ದು ಅವರು ನಕ್ಕದ್ದಕ್ಕಲ್ಲ. ಇಬ್ಬರೂ ಒಂದೇ ಸಲ ನಕ್ಕದ್ದಕ್ಕೆ.

ಬಾಗಿಲು ಬಡಿದು ಹೊರಟೆ. ಗಾಡಿ ಓಡಿಸುತ್ತಾ ತಲೆ ಓಡಿಸಿದೆ. ನಾನು ಇನ್ನೊಮ್ಮೆ ಹಣ್ಣು ತರದಿದ್ದರೆ ಅವಳು ಪ್ಯಾಕೆಟ್ಟೇ ಹಾಕಬೇಕು. ಊರೆಲ್ಲ ಮಾಡುವಂಥ ಬೀರೇ ಆಗುತ್ತದೆ. ಮನೋಹರ್ ಮೂಗು ಮುರಿದು ಬೆಂಗಳೂರಿಗೆ ಹೋಗುತ್ತಾನೆ. ತುಳಸಿ ನಮ್ಮೆದುರು ಬಾಗಿಲಲ್ಲೇ ಇರುತ್ತಾಳೆ. ಸುಮ್ಮನಿದ್ದರೆ ಸಾಕು. ಅದಕ್ಕಿಂತ ಸಸಾರದ ಕೆಲಸ ಉಂಟೇ?

ಆದರೆ ಭರಣಿಗೆ ಕಿವಿ ಹಚ್ಚಿ ಕೂತ ಅವಳ ಮುಖ ಕಣ್ಣ ಮುಂದಿನಿಂದ ಹೋಗಲೊಲ್ಲದು. ಏನೂ ಕೇಳಿಸದೆ ಅವಳು ಕಿವಿ ತೆಗೆಯುವಾಗ ಮುಖ ಹೇಗಾಗುತ್ತಿತ್ತು ಅನ್ನುವುದನ್ನು ನಾನೊಬ್ಬನೇ ನೋಡಿದ್ದೆ. ಮನೋಹರ್ ಭರಣಿ ನೋಡುತ್ತಿರುತ್ತಿದ್ದ.

ಗಾಡಿ ತಿರುಗಿಸಿದೆ. ದಾರಿಯುದ್ದಕ್ಕೂ ಅವನನ್ನು ಬೈದೆ, ಅವಳನ್ನು ಬೈದೆ, ಕಣ್ಣಿಗೆ ಕಾಣದ ಆ ಜೀವಗಳನ್ನೂ ಬೈದೆ. ಲಾರಿ ಧೂಳು ಮುಟ್ಟದ ಗುಡ್ಡದ ಹಿಂಬದಿಗೆ ನಡೆದು ಹೋದೆ. ಕವಳಿ ಕಂಟಿಯ ಮುಳ್ಳು ಮೊಳಕೈವರೆಗೆ ಗೀರಿದವು. ಹಣ್ಣಿನ ತೊಟ್ಟು ಮುರಿದಾಗ ಸೋರುವ ಬಿಳೀ ಹಾಲು ಬೆರಳಿಗೆಲ್ಲ ಅಂಟಿತು. ಎಲೆ, ಕಡ್ಡಿ ಸಮೇತ ಬುಟ್ಟಿ ತಂದು ಅವಳ ಮುಂದೆ ಇಟ್ಟೆ.

"ತಗೋ. ಹನಿ ನೀರು ತಾಗಿಸಿಲ್ಲ. ಬೀರ್ ಮಾಡು, ಗೋವಾಕ್ಕ ಹೋಗು, ಎಲ್ಲಿಗಾರ ಹೋಗು."

ಅವಳು ಬುಟ್ಟಿ ನೋಡಲಿಲ್ಲ. ನನ್ನ ಕೈ ನೋಡಿದಳು.

"ಕುಂದ್ರು."

"ಕೆಲಸ ಐತಿ ನನಗ."

"ಕುಂದ್ರಲೇ ಅಂದ್ನಿ."

ಅಡುಗೆ ಕೋಣೆಯಿಂದ ಕೊಬ್ಬರಿ ಎಣ್ಣೆ ತಂದಳು. ಕವಳಿ ಹಾಲು ನೀರಿಗೆ ಹೋಗುವುದಿಲ್ಲ, ಎಣ್ಣೆಯೇ ಬೇಕು. ಒಂದೊಂದೇ ಬೆರಳು ಹಿಡಿದು ತಿಕ್ಕಿದಳು. ಕಿರುಬೆರಳಿಗೆ ಬಂದಾಗ ಅಲ್ಲಿ ಅಂಟೇನೂ ಇರಲಿಲ್ಲ. ಆದರೂ ತಿಕ್ಕಿದಳು. ಮನೋಹರ್ ಬಾಗಿಲಿಗೆ ಬಂದವನು ಏನೋ ಹೇಳಲು ಹೋಗಿ ಹಾಗೇ ತಿರುಗಿ ಹೋದ. ಹೋಗಲಿ.

"ಅವ್ನ ಜೋಡಿ ಯಾಕ ನಕ್ಕಿ?" ಅಂದೆ.

"ನಗು ಬಂತು, ನಕ್ಕೆ. ನಿನ್ನ ಕೇಳಿ ನಗಬೇಕೇನು?" ತಲೆ ಎತ್ತದೆ ಅಂದಳು. ಕಿರುಬೆರಳನ್ನು ಇನ್ನೊಮ್ಮೆ ತಿಕ್ಕುತ್ತಾ, ಇನ್ನೂ ತಲೆ ಎತ್ತದೆ, "ಅರಿಶಿಣ ಹಚ್ಚಿ ತೊಳೆದು ಯಾರೂ ನನಗ ಏನೂ ಕೊಟ್ಟಿಲ್ಲ ಇಲ್ಲೀತನಕ," ಅಂದಳು.

ನನ್ನ ಸಿಟ್ಟು ಎಲ್ಲಿ ಹೋಯಿತೋ ಹುಡುಕಿದೆ. ಸಿಗಲಿಲ್ಲ.

ಒಂದು ಮುಂಜಾನೆ ಅವಳ ಫೋನು. "ಎದ್ದೈತಲೇ, ಎದ್ದೈತಿ!" ಹೋಗಿ ನೋಡಿದರೆ ಭರಣಿಯ ಕುತ್ತಿಗೆಯವರೆಗೆ ಬಿಳೀ ನೊರೆ. ನನ್ನ ತಲೆ ಹಿಡಿದು ಭರಣಿಗೆ ಒತ್ತಿದಳು. ಒಳಗೆ ಯಾರೋ ಗುಸುಗುಸು ಮಾತಾಡಿದ ಹಾಗೆ ಸದ್ದು. ಆವತ್ತಿನಿಂದ ಅವಳಿಗೆ ಭರಣಿಯದೇ ಧ್ಯಾನ. ಬಿಸಿಲು ಬಿದ್ದರೆ ತನ್ನ ದುಪಟ್ಟಾ ಹೊದಿಸುತ್ತಿದ್ದಳು. ನನಗೆ ಬಿಸಿಲು ಬಿದ್ದರೆ ಕೇಳುವವರಿಲ್ಲ. ಗಾಜಿನ ಭರಣಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಗಂಡಸು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಈ ಕಾಡು ಈಸ್ಟಿಗೆ ಅವಸರ ಇಲ್ಲವಂತೆ. ಟ್ಯಾಂಕಿಗೆ ಬಿಟ್ಟ ಮೇಲೆ ಬೀರ್ ಪಳಗುವಷ್ಟರಲ್ಲಿ ನಾಗರ ಪಂಚಮಿಯ ಉಂಡಿ ತಿಂದು ಮುಗಿದಿತ್ತು. ನಡುವೆ ಬೆಂಗಳೂರಿಗೆ ಹೋಗಿದ್ದ ಮನೋಹರ್ ರುಚಿ ನೋಡಲು ತಿರುಗಿ ಬಂದ. ಅವನನ್ನು ಸಂಜೆ ಹೊಸಪೇಟೆ ಸ್ಟೇಷನ್ನಿಗೆ ಬಿಡುವ ಕೆಲಸ ನನಗೇ ಬಂತು.

ಜಗಲಿಯ ಮೇಲೆ ಮೂರು ಕುರ್ಚಿ. ಎದುರಿನ ಬಂಡೆಗಳ ಮೇಲೆ ಇಳಿಬಿಸಿಲು. ತುಳಸಿ ಗ್ಲಾಸಿಗೆ ಬೀರ್ ಬಗ್ಗಿಸಿದಳು. ಬಿಸಿಲೇ ಕರಗಿ ಗ್ಲಾಸಿಗೆ ಇಳಿದ ಹಾಗಿತ್ತು. ಮೊದಲ ಗ್ಲಾಸು ಅವನಿಗೆ.

ಅವನು ತಿರುಗಿಸಿದ. ಮೂಸಿದ. ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದ. ತುಳಸಿ ಉಸಿರು ಹಿಡಿದು ಅವನ ಗಂಟಲು ಏರಿ ಇಳಿಯುವುದನ್ನೇ ನೋಡುತ್ತಿದ್ದಳು. ಹಾಗೆ ನನ್ನನ್ನು ಒಂದು ದಿನ ನೋಡಿದ್ದರೆ ನಾನು ವಿಷವನ್ನಾದರೂ ನುಂಗಿರುತ್ತಿದ್ದೆ.

"ನಿಂಬೆ ಸಿಪ್ಪೆ..." ಅಂದ. "ಹುಳಿ ಹಣ್ಣು... ಕೊನೆಗೆ, ಕುದುರೆ ಬೆನ್ನ ಮೇಲಿನ ಕಂಬಳಿ ವಾಸನೆ."

ಕುರ್ಚಿ ಹಿಂದಕ್ಕೆ ಬಿತ್ತು. ನಾನು ಎದ್ದು ನಿಂತಿದ್ದೆ. "ಏನಂದ್ರಿ? ಆಕಿ ನಿದ್ದಿ ಬಿಟ್ಟು ಸಾಕ್ಯಾಳ ಅದನ್ನ! ಕುದುರಿ ಬೆವರು ಅಂತೀರೇನ್ರಿ? ಇನ್ನೊಮ್ಮೆ ಅನ್ರಿ ನೋಡೋಣ!"

ತುಳಸಿ ನನ್ನ ಅಂಗಿ ಹಿಡಿದು ಜಗ್ಗಿದಳು. "ಕುಂದ್ರಲೇ! ಹೊಗಳಾಕತ್ಯಾರ!"

"ಇದ್ಯಾವ ಸೀಮಿ ಹೊಗಳಿಕಿ?"

"ಕಾಡು ಈಸ್ಟ್ ಚೊಲೊ ಆದ್ರ ಹಂಗ ವಾಸನಿ ಬರ್ತೈತಿ. ಎಲ್ಲಾರೂ ಅದಕ್ಕಾಗೇ ಸಾಯ್ತಾರ."

ಮನೋಹರ್ ಕುರ್ಚಿ ಎತ್ತಿ ನನಗೆ ಸರಿಯಾಗಿ ಇಟ್ಟುಕೊಟ್ಟ. ನಗಲಿಲ್ಲ. "ನೀವೂ ಕುಡಿದು ನೋಡಿ ರಾಯಣ್ಣ."

ಕುಡಿದೆ. ಹುಳಿ, ಆಮೇಲೆ ಕಹಿ. ಮುಖ ಹಿಂಡಿತು. ನುಂಗಿದ ಮೇಲೆ, ಮೊದಲ ಮಳೆ ಬಿದ್ದ ಗುಡ್ಡದಲ್ಲಿ ನಿಂತ ಹಾಗೆ ಒಂದು ವಾಸನೆ ಹಿಂದಿನಿಂದ ಬಂತು. ಕೈ ತಾನಾಗೇ ಇನ್ನೊಂದು ಗುಟುಕಿಗೆ ಹೋಯಿತು.

"ತುಳಸಿ, ಗೋವಾ ನಿಮ್ಮದು," ಅಂದ ಮನೋಹರ್. "ಮುಂದಿನ ತಿಂಗಳೇ ಬನ್ನಿ."

ಬೀರ್ ಚೆನ್ನಾಗಿ ಆಗಿತ್ತಲ್ಲ, ಇನ್ನು ಅವಳು ಹೋದ ಹಾಗೇ. ಗ್ಲಾಸು ಕೆಳಗಿಟ್ಟು ಎದ್ದೆ. ತುಳಸಿಯೂ ಎದ್ದು ಒಳಗೆ ಹೋದಳು. ಬಂದಾಗ ಕೈಯಲ್ಲಿ ಒಂದು ಸಣ್ಣ ಶೀಶೆ ಇತ್ತು.

"ಸರ್, ಇದರಾಗ ಆ ಈಸ್ಟ್ ಐತಿ. ತಂಪಾಗಿ ಇಡ್ರಿ. ಮುಚ್ಚಳ ಬಿಗಿ ಮಾಡಬ್ಯಾಡ್ರಿ, ಗ್ಯಾಸ್ ಕಟ್ಟಿ ಸಿಡೀತೈತಿ. ಉಳಿದದ್ದು ಫೋನಿನಾಗ ಹೇಳಿಕೊಡ್ತೀನಿ. ನಾ ಬರಂಗಿಲ್ಲ."

"ತುಳಸಿ, ದೊಡ್ಡ ಅವಕಾಶ ಇದು."

"ಗೊತ್ತೈತ್ರಿ. ಕಲಿಯಾಕ ಅಂತ ಹೊರಗ ಹೋಗಿದ್ದೆ. ಮಾಡಾಕ ಅಂತ ತಿರುಗಿ ಬಂದೀನಿ."

ಅವನು ಶೀಶೆ ನೋಡಿದ, ಅವಳನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬ್ಯಾಗ್ ತರಲು ಒಳಗೆ ಹೋದ.

ನನಗೆ ಸಂತೋಷ ಆಗಬೇಕಿತ್ತು. ಸಿಟ್ಟೇ ಬಂತು. "ಯಾರ ಸಲುವಾಗಿ ನಿಂತಿ? ಗುಡ್ಡದ ಸಲುವಾಗೋ, ಆ ಈಸ್ಟಿನ ಸಲುವಾಗೋ?"

"ಈಸ್ಟನ್ನ ಶೀಶೆದಾಗ ಹಾಕ್ಕೊಂಡು ಯಾವ ಊರಿಗಾದ್ರೂ ಒಯ್ಯಬಹುದು. ಈಗ ಕಣ್ಣಾರೆ ನೋಡಿದಿಲ್ಲೋ?" ತುಳಸಿ ಹತ್ತಿರ ಬಂದಳು. "ನಿನ್ನ ಹಾಕ್ಕೊಂಡು ಹೋಗಾಕ ಅಷ್ಟು ದೊಡ್ಡ ಶೀಶೆ ಎಲ್ಲಿ ತರ್ಲಿ? ತಂದ್ರೂ, ಈ ಸಿಟ್ಟಿಗೆ ಯಾವ ಮುಚ್ಚಳ ನಿಲ್ತೈತಿ?"

"ನನಗ ನೀ ಬೇಕು ತುಳಸಿ," ಅಂದೆ. ಬೈದ ಹಾಗೇ ಬಂತು ಮಾತು. "ಅವ ನಿನ್ನ ಗ್ಲಾಸು ಮೂಸಿದ್ರೂ ಆಗಂಗಿಲ್ಲ ನನಗ. ನಿನ್ನ ಭರಣಿ ಕಂಡ್ರೂ ಆಗಂಗಿಲ್ಲ."

"ಭರಣಿ?" ಅಂದಳು. ಕಣ್ಣು ಅರಳಿದವು. ನಗು ತಡೆಯಲು ಹೋಗಿ ಆಗದೆ, ನನ್ನ ಎದೆಗೆ ಹಣೆ ಒತ್ತಿ ನಕ್ಕಳು. ನಗು ನಿಂತ ಮೇಲೂ ಹಣೆ ತೆಗೆಯಲಿಲ್ಲ.

"ರಾಯಣ್ಣ!" ಗಾಡಿಯ ಹತ್ತಿರದಿಂದ ಮನೋಹರ್ ಕೂಗಿದ. "ಟ್ರೇನಿಗೆ ಲೇಟಾಗುತ್ತೆ!"

ನಾನು ಅಲುಗಿದೆ. ಅವಳು ನನ್ನ ಅಂಗಿ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕಾಯಲಿ ಬಿಡು," ಅಂದಳು ತುಳಸಿ.