ಅತ್ತೆಯ ಕೈಯಲ್ಲಿ ಹಸಿರು

ರೊಟ್ಟಿ ಬಡಿಯುತ್ತಿದ್ದ ಇಂಚರಾಳ ಮುಂಗೈಯಲ್ಲಿ ಬಳೆ ಮತ್ತೆ ಹಸಿರಾಗಿ ಬೆಳಗಿತು. ಅವಳು ಥಟ್ಟನೆ ಹಿಟ್ಟಿನ ಡಬ್ಬಿಯೊಳಗೆ ಕೈ ಹಾಕಿ ಮರೆಮಾಡಿದಳು. ಆದರೆ ಅತ್ತೆ ಅಶ್ವಿನಿಯವರ ಕಣ್ಣು ತಪ್ಪಿಸುವ ಯಂತ್ರವನ್ನು ೨೦೫೪ರ ಧಾರವಾಡದಲ್ಲೂ ಯಾರೂ ಕಂಡುಹಿಡಿದಿರಲಿಲ್ಲ.

“ಹಸಿರಾತು! ಚಿರಂತಗ ಫೋನ್ ಹಚ್ತೀನಿ, ರಜಾ ಹಾಕಿ ಬರ್ಲಿ.”

“ಅತ್ತಿ, ಒಂದೀಟು ತಡೀರಿ! ಮೊನ್ನೆನೂ ಹಸಿರಾಗಿತ್ತು. ಅವ್ರು ಕಾರವಾರದಿಂದ ಓಡಿ ಬಂದ್ರು, ಏನಾತು?”

ಅಂಡ ಹೊರಬೀಳುವ ಮುನ್ನ ಮಿದುಳು ಎಲ್‌ಎಚ್ ಎಂಬ ಹಾರ್ಮೋನನ್ನು ಧಾರಾಳವಾಗಿ ಬಿಡುತ್ತದೆ. ಬೆವರಿನಲ್ಲಿ ಅದರ ಸುಳಿವು ಸಿಕ್ಕ ಕೂಡಲೇ, ಬಸಿರಾಗಲು ತಕ್ಕ ದಿನ ಬಂತೆಂದು ಬಳೆಯ ಹಸಿರು ದೀಪ ಹತ್ತುತ್ತದೆ. ಕೈ ಬರಿದು ಮಾಡಬಾರದೆಂಬ ರೂಢಿಯಿಂದ ಹೆಂಗಸರು ಬಳೆಯನ್ನು ಕಳಚುವುದಿಲ್ಲ, ಹಾಗಾಗಿ ಅಳತೆ ತಪ್ಪುವುದಿಲ್ಲ ಎಂಬುದು ಅದನ್ನು ರೂಪಿಸಿದ ವಿಜ್ಞಾನಿ ಗೌತಮಿ ಹಂಚಿನಾಳರ ಜಾಣತನ. ದೀಪ ಊರಿಗೆಲ್ಲ ಕಾಣುತ್ತದೆ ಎಂಬುದನ್ನು ಮಾತ್ರ ಅವರು ಯೋಚಿಸಿರಲಿಲ್ಲ. ಎದುರುಮನೆಯ ಶ್ವೇತಾ ಈಗೀಗ ಇಂಚರಾಳ ಮುಖ ನೋಡುವ ಮೊದಲು ಮುಂಗೈ ನೋಡುತ್ತಿದ್ದಳು. ಇಂಚರಾಳಿಗೆ ಸಾಕುಸಾಕಾಗಿತ್ತು. ಗಂಡ ಚಿರಂತನಿಗೆ ಉಳಿದಿದ್ದುದು ಒಂದೇ ರಜೆ. ಅದೂ ಸುಳ್ಳು ದೀಪಕ್ಕೆ ಹೋದರೆ ಈ ತಿಂಗಳ ಗುಳಿಗೆ, ತಲೆನೋವು, ಆಸೆ ಎಲ್ಲ ನೀರುಪಾಲು.

ಅವಳು ನೇರವಾಗಿ ಗೌತಮಿಯವರಿಗೇ ವಿಡಿಯೋ ಕರೆ ಮಾಡಿ ವಿಷಯ ಹೇಳಿದಳು.

“ಗುಳಿಗಿ ಯಾವಾಗ ಮುಗಿದ್ವವಾ?”

“ನಿನ್ನೆ, ಮೇಡಂ.”

“ಹಂಗಾದ್ರ ಇದು ಗುಳಿಗಿ ಆಟ. ಅಂಡ ಬೆಳೀಲಿ ಅಂತ ಕೊಡೂ ಗುಳಿಗಿನೇ ಆ ಹಾರ್ಮೋನು ಏರಸ್ತೈತಿ. ಇನ್ನ ನಾಕ್ ದಿನ ಬಳಿ ನಂಬಬ್ಯಾಡ.”

“ಬಳಿ ಯಾಕ ಸುಳ್ಳ ಹೇಳೀತು? ಇಕಿಗೇ ತಾಳ್ಮಿ ಇಲ್ಲ,” ಎನ್ನುತ್ತ ಅಶ್ವಿನಿ ತಮ್ಮ ಫೋನು ಎತ್ತಿಕೊಂಡರು.

ಇಂಚರಾಳ ಪಿತ್ತ ನೆತ್ತಿಗೇರಿತು. ಬಳೆ ಕಳಚಿ ಅತ್ತೆಯ ಕೈಗೇ ಏರಿಸಿದಳು. “ಹಂಗಾದ್ರ ನೀವೇ ಹಾಕ್ಕೋರಿ!”

ಹೆಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಅರವತ್ತು ದಾಟಿದ ಅಶ್ವಿನಿಯವರ ಕೈಯಲ್ಲಿ ಬಳೆ ಹಸಿರಾಯಿತು. ಹಸಿರಾಗಿಯೇ ಉಳಿಯಿತು.

“ಅಯ್ಯ ಶಿವನ!” ಎಂದು ಅವರು ಕೂತೇಬಿಟ್ಟರು.

“ಹೆದರಬ್ಯಾಡ್ರಿ,” ಗೌತಮಿ ನಗು ತಡೆದುಕೊಂಡರು. “ಮುಟ್ಟು ನಿಂತ ಮ್ಯಾಲೆ ಅಂಡಾಶಯ ಓಗೊಡೂದಿಲ್ಲ. ಮಿದುಳು ಮಾತ್ರ ಕರಕೋತನ ಇರ್ತೈತಿ. ಬಳಿಗೆ ಕೇಳೂದು ಆ ಕೂಗು ಅಷ್ಟ. ಉತ್ತರ ಬಂತೋ ಇಲ್ಲೋ ಅದಕ್ಕ ತಿಳಿಯೂದಿಲ್ಲ. ಮುಂದಿನ ಬಳಿಗೆ ನಾ ದೀಪಾನೇ ಇಡೂದಿಲ್ಲ ಬಿಡ್ರಿ.”

ಅಶ್ವಿನಿ ಫೋನು ಕೆಳಗಿಟ್ಟರು.

“ದೀಪ ತಗದ್ರೂ ನೋಡವ್ರು ನೋಡ್ತಾರ್ರಿ, ಮೇಡಂ. ಚಿರಂತ ಹುಟ್ಟೂ ಮುಂಚೆ, ಇಪ್ಪತ್ತೈದನೇ ಇಸ್ವಿಯಾಗ, ಈ ಬಳಿ ಎಲ್ಲಿತ್ತು? ಆದ್ರೂ ಮದುವಿಗೆ ಹೋದ್ರ, ಸಂತಿಗೆ ಹೋದ್ರ, ಎಲ್ಲಾರೂ ನನ್ನ ಹೊಟ್ಟಿ ನೋಡಿ ‘ಏನರ ವಿಶೇಷ ಐತೇನವಾ?’ ಅಂತಿದ್ರು. ಆಗ ಎಷ್ಟ ಸಿಟ್ಟ ಬರ್ತಿತ್ತು ನಂಗ.”

ಅಷ್ಟರಲ್ಲಿ ಶ್ವೇತಾ ಬಾಗಿಲಲ್ಲಿ ಇಣುಕಿದಳು. “ಅಶ್ವಿನಕ್ಕಾ, ಹಸಿರಾತೇನ್ರಿ?”

ಸೊಸೆ ಅಭ್ಯಾಸಬಲದಿಂದ ಕೈ ಮರೆಮಾಡುವ ಮೊದಲೇ ಅತ್ತೆ ತಮ್ಮ ಕೈ ಎತ್ತಿ ತೋರಿಸಿದರು.

“ಆತವಾ. ನಂದು!”