ಚೀಲದಲ್ಲಿ ಇಲ್ಲದ್ದು

"ಸ್ಟ್ರೆಚರ್ ನಿಲ್ಸಿ!"

ಆಪರೇಷನ್ ಥಿಯೇಟರಿನ ಬಾಗಿಲು ಅರ್ಧ ತೆರೆದಿತ್ತು. ಸ್ಟ್ರೆಚರಿನ ಮುಂದಿನ ಚಕ್ರ ಆಗಲೇ ಹೊಸ್ತಿಲು ದಾಟಿತ್ತು. ಓಡಿ ಬಂದ ಶ್ಯಾಮಲ ಅದರ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಮಾಸಿದ ಬಟ್ಟೆ ಚೀಲ.

ಒಳಗಿನಿಂದ ಒಬ್ಬ ಡಾಕ್ಟರ್ ಬಂದ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣುಗಳು ಮಾತ್ರ. ಆ ಕಣ್ಣುಗಳಲ್ಲಿ ಸಿಟ್ಟಿತ್ತು.

"ಯಾರು ನೀವು?"

"ಫಾರ್ಮಸಿಸ್ಟ್. ಶ್ಯಾಮಲ."

"ನಾನು ಕಾಂತರಾಜ್. ಸರ್ಜನ್. ಇವತ್ತೇ ಸೇರಿದ್ದು. ಈ ಆಸ್ಪತ್ರೇಲಿ ನನ್ನ ಮೊದಲನೇ ಆಪರೇಷನ್‌ಗೆ ನೀವು ಅಡ್ಡ ನಿಂತಿದ್ದೀರಿ."

"ಒಂದೇ ನಿಮಿಷ ಸರ್. ಈ ಅಜ್ಜಿಯ ಚೀಲ ಇನ್ನೂ ನೋಡಿಲ್ಲ."

ಬಂಗಾರಪೇಟೆಯ ಆ ಆಸ್ಪತ್ರೆಯಲ್ಲಿ ಅದು ಶ್ಯಾಮಲಳೇ ತಂದ ಪದ್ಧತಿ. ಆಪರೇಷನ್ನಿಗೆ ಬರುವ ಯಾರೇ ಆಗಲಿ, ಮನೆಯಲ್ಲಿರುವ ಔಷಧಿಯನ್ನೆಲ್ಲ ಚೀಲದಲ್ಲಿ ತಂದು ಅವಳ ಮುಂದೆ ಸುರಿಯಬೇಕು. ಇವತ್ತು ಹೊಸ ಡಾಕ್ಟರರ ಅವಸರದಲ್ಲಿ ಅದು ತಪ್ಪಿಹೋಗಿತ್ತು.

ಅವಳು ಚೀಲವನ್ನು ಅಜ್ಜಿಯ ಕಾಲ ಬಳಿ ಸುರಿದಳು. ಬಿಪಿ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ. ಎಲ್ಲ ಸರಿಯಾಗಿತ್ತು. ಕೊನೆಯ ಪ್ರಶ್ನೆ ಬಾಕಿ.

"ಅಜ್ಜಿ, ಚೀಲದಲ್ಲಿ ಇಲ್ಲದ್ದು ಏನಾದ್ರೂ ಇದ್ಯಾ?"

"ಇನ್ನೇನೂ ಇಲ್ಲ ಕಣಮ್ಮ," ಎಂದಳು ಮುನಿನಾರಾಯಣಮ್ಮ. ಆಮೇಲೆ ಛಾವಣಿ ನೋಡುತ್ತಾ, "ಮಂಡಿ ನೋವಿಗೆ ಒಂದ್ ಪುಡಿ ತಿಂತಿದ್ದೆ. ಅದು ಔಸ್ದಿ ಅಲ್ಲ ಬುಡು. ಆಂಧ್ರದ ಕಡೆಯಿಂದ ತರಿಸ್ಕಳಾದು. ವರ್ಸಗಟ್ಲೆಯಿಂದ ತಿಂದಿವ್ನಿ. ಆಪರೇಸನ್ ಅಂತ ಮೊನ್ನೆ ಬುಟ್ಟೆ."

ಶ್ಯಾಮಲ ಕಾಂತರಾಜನ ಕಡೆ ತಿರುಗಿದಳು. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ವರ್ಷಗಟ್ಟಲೆ ತಿಂದು ತಟ್ಟನೆ ಬಿಟ್ಟರೆ, ಆಪರೇಷನ್ನಿನ ನಡುವೆ ಬಿಪಿ ಕುಸಿಯಬಹುದು.

"ಹೀಗೇ ಒಳಗೆ ಹೋಗಿದ್ರೆ ಜೀವಕ್ಕೇ ಅಪಾಯ ಇತ್ತು ಸರ್!"

ಅಜ್ಜಿ ಎದ್ದು ಕುಳಿತಳು. "ಏನಂದೆ? ಜೀವಕ್ಕಾ? ಅಯ್ಯಪ್ಪಾ... ನಂಗೆ ಈ ಆಪರೇಸನ್ನೇ ಬ್ಯಾಡ. ನಾ ಮನೆಗೆ ಓಯ್ತೀನಿ!"

ಯಾರು ಹೇಳಿದರೂ ಕೇಳಲಿಲ್ಲ. ಹೋದಳು.

ವಾರ ಕಳೆಯುವಷ್ಟರಲ್ಲಿ ಆಂಬುಲೆನ್ಸಿನಲ್ಲಿ ವಾಪಸ್ ಬಂದಳು. ಅಂದು ಆಪರೇಷನ್ ಆಗದೆ ಉಳಿದ ಹರ್ನಿಯಾದಲ್ಲಿ ಕರುಳು ಸಿಕ್ಕಿಹಾಕಿಕೊಂಡಿತ್ತು. ಕಾಂತರಾಜ್ ತುರ್ತು ಆಪರೇಷನ್ ಮಾಡಿದ. ಅಜ್ಜಿ ಬದುಕಿದಳು. ಆದರೆ ಸುಲಭವಾಗಿ ಮುಗಿಯಬೇಕಿದ್ದದ್ದು ಎಷ್ಟು ಕಷ್ಟವಾಯಿತು!

ಅಂದು ಸಂಜೆ ಅವನು ಫಾರ್ಮಸಿಯ ಕಿಟಕಿಯ ಮುಂದೆ ಬಂದು ನಿಂತ. ಶ್ಯಾಮಲ ಬೈಗುಳಕ್ಕೆ ಸಿದ್ಧಳಾದಳು.

"ಅವತ್ತು ನೀವು ಹೇಳಿದ್ದು ಸರಿ," ಎಂದ. "ಹೇಳಿದ ಜಾಗ ತಪ್ಪು. ಪಾಟಿ, ಅದೇ ಅಜ್ಜಿ, ಕೇಳಿಸ್ಕೊಂಡ್ರು."

ಅವಳ ಕಣ್ಣು ತುಂಬಿತು. 

"ನಂದೂ ತಪ್ಪಿದೆ. ಅಷ್ಟು ಅವಸರ ಮಾಡಬಾರದಿತ್ತು. ಇನ್ಮೇಲೆ ಹಿಂದಿನ ದಿನಾನೇ ವಾರ್ಡಿಗೆ ಬನ್ನಿ. ಇಬ್ಬರೂ ಸೇರಿ ಕೇಳೋಣ. ನಿಮಗೆ ತೆಲುಗು ಬರುತ್ತೆ, ನಂಗೆ ತಮಿಳು. ಕನ್ನಡ ಇಬ್ಬರದೂ."

ಆಗ ಮೊದಲ ಬಾರಿಗೆ ಅವನ ಪೂರ್ತಿ ಮುಖ ನೋಡಿದಳು. ಸಿಟ್ಟಿನ ಕಣ್ಣುಗಳ ಕೆಳಗೆ ಇಂಥ ನಗು ಇರಬಹುದೆಂದು ಅವಳು ಅಂದುಕೊಂಡಿರಲಿಲ್ಲ.

*

ಪ್ರೀತಿ ಎಲ್ಲಿ ಶುರುವಾಯಿತು ಎಂದು ಕೇಳಿದರೆ ಶ್ಯಾಮಲ ಹೇಳಲಾರಳು. ಬಹುಶಃ ಮಂಚಗಳ ನಡುವೆ. ಅವಳು ಚೀಲ ಸುರಿದಾಗ ಉರುಳಿಹೋದ ಮಾತ್ರೆಗಳನ್ನು ಅವನು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಆರಿಸುತ್ತಿದ್ದನಲ್ಲ, ಆಗ ಇರಬೇಕು.

ಒಂದು ಸಂಜೆ ಆಸ್ಪತ್ರೆಯ ಗೇಟಿನ ಬಳಿ ಚಹಾ ಕುಡಿಯುತ್ತಾ ಅವನು ತಟ್ಟನೆ ಕೇಳಿಬಿಟ್ಟ.

"ನಮ್ಮಮ್ಮನ್ನ ನಿಮ್ಮನೆಗೆ ಕರ್ಕೊಂಡು ಬರ್ಲಾ, ಶ್ಯಾಮಲಾ?"

ಲೋಟ ತುಟಿಯ ಬಳಿಯೇ ನಿಂತಿತು.

"ನಮ್ಮದು ಊರಿಗಾಂನ ಲೈನ್ ಮನೆ, ಗಣಿ ಕೂಲಿಯವರ ಸಾಲುಮನೆ. ಅಮ್ಮ ಕೂಲಿ ಮಾಡಿ ಓದಿಸಿದ್ದು. ನೀವು ಹೊಲ, ಹಸು ಇರೋರು. ನಿಮ್ಮಪ್ಪ ಏನಂತಾರೋ ಗೊತ್ತಿಲ್ಲ. ಆದ್ರೂ ಕೇಳ್ತಿದ್ದೀನಿ."

ಅವಳ ಮನಸ್ಸು ಹೌದು ಎಂದು ಕೂಗುತ್ತಿತ್ತು. ಬಾಯಿ ಹೇಳಿದ್ದು ಬೇರೆ.

"ಅಪ್ಪನಿಗೂ ಹರ್ನಿಯಾ ಇದೆಯಲ್ಲ, ನೀವೇ ಡೇಟ್ ಕೊಟ್ಟಿದ್ದೀರಿ. ಆ ಆಪರೇಷನ್ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ. ಅಲ್ಲೀವರೆಗೂ ನೀವು ಅವರ ಹತ್ರ ಬಾಯಿ ಬಿಡಬೇಡಿ."

"ಬಿಡಲ್ಲ," ಎಂದ.

ಅಪ್ಪ ಬಚ್ಚಪ್ಪ ಆಸ್ಪತ್ರೆಗೆ ಸೇರಿದಾಗ ಅವರ ಚೀಲವನ್ನು ಶ್ಯಾಮಲಳೇ ಮನೆಯಲ್ಲಿ ತುಂಬಿದ್ದಳು. ವಾರ್ಡಿನಲ್ಲಿ ರಾಧಾಮಣಿ ಸಿಸ್ಟರ್ ಚೀಲ ಕೇಳಿದಾಗ ನಕ್ಕಳು.

"ನಮ್ಮಪ್ಪನ ಚೀಲ ನಂಗೊತ್ತಿಲ್ವಾ ಸಿಸ್ಟರ್? ಒಂದು ಬಿಪಿ ಮಾತ್ರೆ. ಅಷ್ಟೇ."

ಇಸಿಜಿ ಸರಿಯಾಗಿತ್ತು. ಅಪ್ಪನ ತೋಳ ಮೇಲೆ ಮಾತ್ರ ಅಲ್ಲಲ್ಲಿ ನೀಲಿ ಕಲೆಗಳು. ಕೇಳಿದರೆ "ಅಸು ಒದ್ದುಬುಡ್ತು" ಎಂದಿದ್ದರು.

ಮರುದಿನ ಬೆಳಿಗ್ಗೆ ಅಪ್ಪ ಹಸಿರು ಗೌನ್ ತೊಟ್ಟು ಮಲಗಿದ್ದರು. ಕಾಂತರಾಜ್ ಬಂದ. "ಎಲ್ಲರೂ ಸ್ವಲ್ಪ ಹೊರಗಿರಿ," ಎಂದು ಬಾಗಿಲು ಮುಂದಕ್ಕೆ ಹಾಕಿಕೊಂಡ.

ಸ್ವಲ್ಪ ಹೊತ್ತಿನ ಮೇಲೆ ಹೊರಬಂದ.

"ಇವತ್ತು ಆಪರೇಷನ್ ಇಲ್ಲ."

"ಯಾಕೆ?"

"ಈಗ ಮಾಡೋದು ಬೇಡ."

"ಅದೇ... ಯಾಕೆ?"

ಅವನು ಅವಳ ಕಣ್ಣು ತಪ್ಪಿಸಿದ. "ನಿಮ್ಮಪ್ಪನ್ನ ಕೇಳಿ."

ಒಳಗೆ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದರು. "ಆ ಡಾಕ್ಟ್ರ ಸುದ್ದಿ ಎತ್ತಬ್ಯಾಡ. ನಡಿ, ಮನೆಗೆ ಓಗಾಣ."

ಶ್ಯಾಮಲಳ ತಲೆಯಲ್ಲಿ ಎಲ್ಲವೂ ತಾನೇ ತಾನಾಗಿ ಜೋಡಿಸಿಕೊಂಡಿತು. ಬಾಯಿ ಬಿಡಬೇಡಿ ಎಂದರೂ ಇವನು ಮದುವೆಯ ಮಾತು ಎತ್ತಿದ್ದಾನೆ. ಅಪ್ಪ ಲೈನ್ ಮನೆ ಎಂದು ಬೇಡವೆಂದಿದ್ದಾರೆ. ಇವನು ಆ ಸಿಟ್ಟಿಗೆ... ಛೆ!

ಕಾರಿಡಾರಿನ ಕೊನೆಯಲ್ಲಿ ಅವನನ್ನು ಹಿಡಿದಳು.

"ನಮ್ಮಪ್ಪ ಒಪ್ಪಲಿಲ್ಲ ಅಂತ ಕತ್ತಿ ಕೆಳಗಿಟ್ಟುಬಿಟ್ರಾ? ಇಷ್ಟೇನಾ ನೀವು?"

ಅವನ ಮುಖ ಬಿಳಿಚಿಕೊಂಡಿತು.  ಏನೋ ಹೇಳಬೇಕೆಂದು ಹೊರಟು ನಿಲ್ಲಿಸಿದ.

"ಹಾಗಲ್ಲ ಶ್ಯಾಮಲಾ. ಇಷ್ಟೇ ಹೇಳಬಲ್ಲೆ."

"ಹಾಗಿದ್ರೆ ಇನ್ಮೇಲೆ ಏನೂ ಹೇಳಬೇಡಿ!"

*

ಅಂದಿನಿಂದ ಅವರ ನಡುವೆ ಉಳಿದದ್ದು ಔಷಧಿಗಳ ಹೆಸರು ಮಾತ್ರ. ಆಪರೇಷನ್ ಥಿಯೇಟರಿನಿಂದ ಫೋನ್ ಬರುತ್ತಿತ್ತು. ಅವನು ಬೇಕಾದ್ದನ್ನು ಹೇಳುತ್ತಿದ್ದ. ಅವಳು "ಸರಿ ಡಾಕ್ಟರ್" ಎಂದು ಇಡುತ್ತಿದ್ದಳು.

ಮನೆಯಲ್ಲೂ ಏನೋ ಸರಿಯಿರಲಿಲ್ಲ. ಸಂಜೆ ಅಪ್ಪನ ಫೋನ್ ಬಡಿದುಕೊಂಡರೆ ಅವರು ಕೊಟ್ಟಿಗೆಯ ಹಿಂದಕ್ಕೆ ಹೋಗುತ್ತಿದ್ದರು. "ಯಾರಪ್ಪಾ?" ಎಂದರೆ "ಡೈರಿಯವ್ರು" ಎನ್ನುತ್ತಿದ್ದರು. ಡೈರಿಯವರು ದಿನಾ ಯಾಕೆ ಫೋನ್ ಮಾಡುತ್ತಾರೆ?

ಅವಳು ಕೇಳಲಿಲ್ಲ. ಊರಿನವರನ್ನೆಲ್ಲ ಕೇಳುವವಳು ಅಪ್ಪನನ್ನು ಕೇಳಲಿಲ್ಲ.

ಒಂದು ಮಧ್ಯಾಹ್ನ ವಾರ್ಡಿನಲ್ಲಿ ಒಬ್ಬ ಮುದುಕರ ಚೀಲ ಸುರಿದು ಎಂದಿನಂತೆ ಕೇಳಿದಳು. "ತಾತ, ಚೀಲದಲ್ಲಿ ಇಲ್ಲದ್ದು ಏನಾದ್ರೂ ಇದ್ಯಾ?"

ಪಕ್ಕದಲ್ಲಿದ್ದ ಮಗಳು ತಟ್ಟನೆ ಹೇಳಿದಳು. "ಏನೂ ಇಲ್ಲ ಮೇಡಂ. ನಮ್ಮಪ್ಪಂದು ನಂಗೊತ್ತಿಲ್ವಾ?"

"ನೀವಲ್ಲ, ಅವರು ಹೇಳ್ಲಿ," ಎಂದಳು ಶ್ಯಾಮಲ.

ಮಾತು ಬಾಯಿಂದ ಹೊರಬಿದ್ದಿತ್ತು. ಹಿಂದೆಯೇ ಅದು ಅವಳಿಗೇ ಬಂದು ಬಡಿಯಿತು.

ನಮ್ಮಪ್ಪನ ಚೀಲ ನಂಗೊತ್ತಿಲ್ವಾ?

ಮಂಚದ ಆಚೆ ಕಾಂತರಾಜ್ ನಿಂತಿದ್ದ. ಅವನು ಅವಳನ್ನೇ ನೋಡುತ್ತಿದ್ದ. ಸಿಟ್ಟಿಲ್ಲ, ಗೆದ್ದ ಭಾವವೂ ಇಲ್ಲ. ಕಾಯುತ್ತಿರುವವನ ನೋಟ...

"ಸಿಸ್ಟರ್, ನಾನು ಮನೆಗೆ ಹೋಗಬೇಕು. ಈಗ್ಲೇ!"

*

ಅಪ್ಪ ಹಾಲು ಕರೆಯುತ್ತಿದ್ದರು. ಬಕೆಟ್ಟಿಗೆ ಹಾಲು ಬೀಳುವ ಸದ್ದು ಒಂದೇ ಸಮನೆ ಕೇಳುತ್ತಿತ್ತು.

"ಅಪ್ಪಾ, ಚೀಲದಲ್ಲಿ ಇಲ್ಲದ್ದು ಏನಾದ್ರೂ ಐತಾ?"

ಸದ್ದು ನಿಂತಿತು.

ಬಚ್ಚಪ್ಪ ಕೈ ಒರೆಸಿಕೊಂಡರು. ನಿಧಾನವಾಗಿ ಪಂಚೆಯ ಸೊಂಟದ ಮಡಿಕೆ ಬಿಚ್ಚಿದರು. ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಬೆಳ್ಳಿ ಬಣ್ಣದ ಮಾತ್ರೆ ಪಟ್ಟಿಗಳು.

ಶ್ಯಾಮಲ ಹೆಸರು ಓದಿದಳು. ರಕ್ತ ತೆಳು ಮಾಡುವ ಮಾತ್ರೆಗಳು. ತೋಳ ಮೇಲಿನ ನೀಲಿ ಕಲೆ ಹಸುವಿನದಲ್ಲ.

"ಸ್ಟೆಂಟ್ ಹಾಕಿದ್ದಾರಾ?"

"ಒಂದೇ ಕಣಮ್ಮಣ್ಣಿ. ಚಿಕ್ಕದು."

"ಯಾವಾಗ?"

"ತಿರುಪ್ತಿಗೆ ಓಗಿದ್ನಲ್ಲ... ಆವಾಗ. ಎದೆ ನೋವಂತ ಬೆಂಗ್ಳೂರಿಗೆ ಓಗಿದ್ದೆ."

"ತಲೆ ಬೋಳಿಸ್ಕೊಂಡು ಬಂದಿದ್ಯಲ್ಲಪ್ಪಾ!"

"ಬೆಂಗ್ಳೂರಾಗೂ ಬೋಳಿಸ್ತಾರೆ."

"ಮತ್ತೆ ಲಡ್ಡು?"

"ಅದು ಪಕ್ಕದ್ ಮನೆ ವೆಂಕಿ ತಂದಿದ್ದು. ಅವ್ನು ನಿಜವಾಗ್ಲೂ ತಿರುಪ್ತಿಗೆ ಓಗಿದ್ದ."

ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು. ಹುಲ್ಲಿನ ಮೇಲೆ ಕುಳಿತಳು.

"ಯಾಕಪ್ಪಾ ಮುಚ್ಚಿಟ್ಟೆ?"

"ನಿಮ್ಮವ್ವ ತೀರ್ಕಂಡಾಗ ಒಳ್ಳೆ ಕೆಲ್ಸ ಬುಟ್ಟು ಬಂದು ನನ್ನ ಪಕ್ಕ ಕುಂತ್ಕಂಡೆ. ಎದೆಯಾಗೆ ತಂತಿ ಇಕ್ಕವ್ರೆ ಅಂದ್ರೆ ಮದುವೇನೇ ಬ್ಯಾಡ ಅಂತೀಯ. ನಿನ್ನ ಗುಣ ನಂಗೊತ್ತಿಲ್ವಾ?"

"ಡಾಕ್ಟ್ರಿಗೆ ಹೇಗೆ ಗೊತ್ತಾಯ್ತು?"

"ತೋಳು ನೋಡ್ದ. ಆಮೇಲೆ ನಿನ್ನಂಗೇ ಕೇಳ್ದ, ಚೀಲದಾಗೆ ಇಲ್ದಿದ್ದು ಏನೈತೆ ಅಂತ. ಬಿಚ್ಚಿಟ್ಟೆ. ಈ ಮಾತ್ರೆ ಈಗ ನಿಲ್ಲಿಸಂಗಿಲ್ಲ, ನಿಲ್ಲಿಸ್ದೆ ಕೊಯ್ಯಂಗಿಲ್ಲ, ಕೆಲವು ತಿಂಗಳು ತಡೀರಿ ಅಂದ. ನನ್ ಮಗಳಿಗೆ ಏಳಬ್ಯಾಡ ಸ್ವಾಮಿ ಅಂತ ಕೈ ಮುಗ್ದೆ. ನಾನು ಏಳಲ್ಲ, ನೀವೇ ಏಳ್ಬೇಕು ಅಂದ."

"ಬೇರೆ ಏನೂ ಮಾತಾಡ್ಲಿಲ್ವಾ? ಮದುವೆ ಗಿದುವೆ..."

"ಯಾರ ಮದುವೆ?" ಎಂದರು ಬಚ್ಚಪ್ಪ. ಆಮೇಲೆ ಮಗಳ ಮುಖ ನೋಡಿದರು. "ದಿನಾ ಸಾಯಂಕಾಲ ಫೋನ್ ಮಾಡ್ತಾನೆ. ಮಾತ್ರೆ ನುಂಗಿದ್ರಾ? ಮಗಳಿಗೆ ಏಳಿದ್ರಾ? ಎರಡೇ ಮಾತು. ಎರಡ್ನೇದಕ್ಕೆ ಬಂದಾಗ ಅವ್ನ ದನಿ ಬದಲಾಯ್ತದೆ. ನಂಗೆ ಎದೆ ಕೆಟ್ಟಿರಾದು ಕಣಮ್ಮಣ್ಣಿ. ಕಿವಿ ಅಲ್ಲ."

ಶ್ಯಾಮಲ ಮುಖ ಮುಚ್ಚಿಕೊಂಡಳು.

"ಅವರದು ಊರಿಗಾಂ ಲೈನ್ ಮನೆ ಅಪ್ಪಾ."

ಬಚ್ಚಪ್ಪ ಸ್ವಲ್ಪ ಹೊತ್ತು ಹಸುವಿನ ಬೆನ್ನು ಸವರುತ್ತಾ ನಿಂತರು.  ಅವರೂ ತಮ್ಮೊಳಗಿನ ಯಾವುದೋ ಹಳೆಯ ಚೀಲ ಸುರಿದುಕೊಳ್ಳುತ್ತಿದ್ದರು.

"ನನ್ನ ಮಾತು ಉಳ್ಸಾಕೆ ನಿನ್ನ ಸಿಟ್ಟೆಲ್ಲ ತಡ್ಕಂಡವ್ನೆ," ಎಂದರು ಕೊನೆಗೆ. "ಇಂಥವ್ನನ್ನ ನಾನೆಲ್ಲಿ ಉಡುಕ್ಲಿ? ಫೋನ್ ಮಾಡಾದು ಸಾಕು, ಮನೆಗೇ ಬರ್ಲಿ ಅನ್ನು. ಓಗು, ಅವ್ನು ಮನೆಗೋಗಾ ರೈಲುಗಾಡಿ ಒಂಟೋಗ್ತದೆ!"

*

ಮಾರಿಕುಪ್ಪಂ ರೈಲು ಇನ್ನೇನು ಹೊರಡುವುದರಲ್ಲಿತ್ತು. ಕಿಟಕಿಯ ಪಕ್ಕ ಕುಳಿತಿದ್ದ ಕಾಂತರಾಜನ ಎದುರು ಬಂದು ಶ್ಯಾಮಲ ಕುಳಿತಳು.

"ನಿಮ್ಮೂರು ಆ ಕಡೆ," ಎಂದ ಅವನು, ನಂಬಲಾಗದೆ.

"ಗೊತ್ತು."

ರೈಲು ಬಂಗಾರಪೇಟೆ ಬಿಟ್ಟಿತು.

"ಅಪ್ಪ ಹೇಳಿದ್ರು," ಎಂದಳು.

ಅವನು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟ. ಎಷ್ಟೋ ದಿನದಿಂದ ತಡೆದಿಟ್ಟ ಉಸಿರು.

"ನಾನು ನಿಮ್ಮನ್ನ ಏನೇನೋ ಅಂದುಬಿಟ್ಟೆ."

"ಕತ್ತಿ ಅಂದ್ರಿ. ನಾವು ಅದನ್ನ ಬ್ಲೇಡ್ ಅಂತೀವಿ."

"ತಮಾಷೆ ಮಾಡಬೇಡಿ... ನಂಗೆ ಅಳು ಬರ್ತಿದೆ."

"ಅಳಿ. ನಾನೂ ಒಂದಿನ ಅತ್ತಿದ್ದೆ."

ಕೋರಮಂಡಲ್ ಬಂತು, ಹೋಯಿತು. ಹಳೆಯ ಗಣಿಯ ಬೂದು ದಿಬ್ಬಗಳ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಊರಿಗಾಂ ಬಂತು. ಅವನು ಏಳಲಿಲ್ಲ.

"ನಿಮ್ಮ ಸ್ಟೇಷನ್."

"ಹೌದು."

ರೈಲು ಮತ್ತೆ ಹೊರಟಿತು. ಶ್ಯಾಮಲ ಧೈರ್ಯ ತಂದುಕೊಂಡಳು.

"ಚೀಲದಲ್ಲಿ ಇಲ್ಲದ್ದು ಏನಾದ್ರೂ ಇದ್ಯಾ ಡಾಕ್ಟ್ರೇ?"

ಅವನು ತನ್ನ ಅಂಗೈ ನೋಡಿಕೊಂಡ. "ಇದೆ. ನೀವು ಮಾತು ಬಿಟ್ಟ ಮೇಲೆ, ಫಾರ್ಮಸಿಗೆ ಫೋನ್ ಮಾಡೋ ಮುಂಚೆ ಔಷಧಿ ಹೆಸರನ್ನ ಬಾಯಲ್ಲಿ ಅಭ್ಯಾಸ ಮಾಡ್ಕೊಳ್ತಿದ್ದೆ. ದನಿ ನಡುಗಬಾರದು ಅಂತ." ತಲೆ ಎತ್ತಿದ. "ಈಗ ನಾನು ಕೇಳ್ತೀನಿ. ನಿಮ್ಮ ಚೀಲದಲ್ಲಿ ಇಲ್ಲದ್ದು?"

"ಅವತ್ತು ಅಪ್ಪನ ಆಪರೇಷನ್ ಆಗ್ಲಿ ಅಂದೆ. ಅದು ಉತ್ತರ ಅಲ್ಲ. ಹೌದು ಅನ್ನೋಕೆ ಹೆದರಿ ಮುಂದಕ್ಕೆ ಹಾಕಿದ್ದು."

"ಈಗ ಆಪರೇಷನ್ನೇ ಮುಂದಕ್ಕೆ ಹೋಯ್ತಲ್ಲ."

"ಅದಕ್ಕೇ ಉತ್ತರ ಹಿಂದಕ್ಕೆ ತಂದಿದ್ದೀನಿ." ಅವಳು ಅವನ ಅಂಗೈಯಲ್ಲಿ ತನ್ನ ಕೈ ಇಟ್ಟಳು. "ಹೌದು."

 ಮಾರಿಕುಪ್ಪಂನಲ್ಲಿ ರೈಲು ನಿಂತಿತು. ಅಲ್ಲಿಂದ ಮುಂದಕ್ಕೆ ಹಳಿಯಿಲ್ಲ. ಜನ ಇಳಿದು ಹೋದರು.

"ಇದೇ ಗಾಡಿ ವಾಪಸ್ ಹೋಗುತ್ತಲ್ಲ?" ಎಂದಳು. "ಊರಿಗಾಂನಲ್ಲಿ ಇಳಿಯೋಣ. ನಿಮ್ಮಮ್ಮನ್ನ ನೋಡಬೇಕು."

"ಈಗ್ಲೇನಾ? ಯಾಕೆ?"

"ಮಗ ಇನ್ನೂ ಏನೇನು ಮುಚ್ಚಿಟ್ಟಿದ್ದಾರೆ ಅಂತ ಕೇಳಬೇಕು."

"ಇನ್ನೇನೂ ಇಲ್ಲ ಶ್ಯಾಮಲಾ. ಆಣೆಗೂ!"

ಅವಳು ನಕ್ಕಳು. ಕೈ ಬಿಡಲಿಲ್ಲ.

"ನೀವಲ್ಲ, ಅವರು ಹೇಳ್ಲಿ."