ಇನ್‌ಪುಟ್ ಬರಲಿಲ್ಲ, ಹೊಂಟೇನಿ

ಮಂಗಳವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಬಂದ ಕರೆಯನ್ನು ಪ್ರಿಯದರ್ಶಿನಿ ಎರಡು ಸಲ ಕಟ್ ಮಾಡಿದಳು. "ಹಲೋ, ಯಾರ್ರಿ?" ಎಂದರೆ ಆಚೆಯಿಂದ ಉಸಿರಿನ ಸದ್ದಷ್ಟೇ. ಅವಳು ಪಾಠ ಹೇಳುವ ಸಿಂದಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ನೆಟ್‌ವರ್ಕ್ ಕೈಕೊಡುವುದು ಹೊಸದಾಗಿರಲಿಲ್ಲ.

ಮೂರನೆಯ ಸಲ ಬಂದದ್ದು ಕರೆಯಲ್ಲ, ಸಂದೇಶ.

"ನೆಟ್‌ವರ್ಕ್ ಛಲೋ ಐತ್ರಿ. ನನ್ನ ಮಾತು ನಡುನಡುವ ನಿಲ್ತೈತಿ, ಸಣ್ಣಾವ ಇದ್ದಾಗಿಂದ. ನಾನು ಸೋಮನಿಂಗ, ಮುದ್ದೇಬಿಹಾಳ ಕಾಲೇಜಿನ ಲ್ಯಾಬ್ ಮಾಸ್ತರ. ನಿಮ್ಮ ಟೂಲ್ ಸತ್ತೈತಿ ಅಂತ ಹೇಳಾಕ ಫೋನ್ ಮಾಡಿದ್ದೆ."

ಅವಳ ಮುಖ ಬಿಸಿಯಾಯಿತು. ಈ ಸಲ ತಾನೇ ಫೋನ್ ಹಚ್ಚಿದಳು.

ಟೂಲ್ ಎಂದರೆ ಅವಳೇ ಬರೆದ 'ತಪಾಸ್'. ಪರದೆಯ ಮೇಲೆ ಆ ಹೆಸರು ಟೈಪ್ ಮಾಡಿ, ಪಕ್ಕದಲ್ಲಿ ವಿದ್ಯಾರ್ಥಿಯ ಪ್ರೋಗ್ರಾಂ ಇರುವ ಫೈಲಿನ ಹೆಸರು ಕೊಟ್ಟರೆ, ಎಲ್ಲೆಲ್ಲಿ ತಪ್ಪಿದೆ ಎಂದು ಸಾಲು ಸಾಲಾಗಿ ಹೇಳುತ್ತದೆ. ಅದೂ ಊರ ಮಾತಿನಲ್ಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕಡೆಯ ಲ್ಯಾಬುಗಳಿಗೆ ಅವಳು ಅದನ್ನು ಹಂಚಿದ್ದಳು.

"ಏನ್ ಟೈಪ್ ಮಾಡಿದ್ರಿ?"

"ತಪಾಸ್ ಅಂತ."

"ಮುಂದ ಫೈಲಿನ ಹೆಸರು?"

ಆಚೆ ಮೌನ. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಕಾದಳು.

"ಕೊಡಲಿಲ್ರಿ."

"ಹಂಗಾದ್ರ ಅದು ಸತ್ತಿಲ್ರಿ. ಫೈಲ್ ಕೊಡಲಿಲ್ಲ ಅಂದ್ರ, ನೀವು ಕೀಬೋರ್ಡಿನಾಗ ಏನ್ ಬರೀತೀರಿ ಅದನ್ನ ಓದಾಕ ಕಾಯ್ತೈತಿ."

"ಎಷ್ಟೊತ್ತು?"

"ಮುಗೀತು ಅಂತ ನೀವು ಹೇಳೂತನಕ."

ಉತ್ತರ ನಿಧಾನವಾಗಿ, ಒಂದೊಂದೇ ಪದವಾಗಿ ಬಂತು: "ಅದು ಅರ್ಧ ತಾಸು ಕಾಯ್ತ್ರಿ. ಅದನ್ನ ಮಾಡಿದವ್ರು ಅರ್ಧ ನಿಮಿಷ ಕಾಯಲಿಲ್ಲ."

ಪ್ರಿಯದರ್ಶಿನಿ ನಕ್ಕ ಸದ್ದಿಗೆ ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಂದು ಮಧ್ಯಾಹ್ನವೇ ತಪಾಸಿಗೆ ಒಂದು ಸಾಲು ಸೇರಿಸಿದಳು. ಫೈಲ್ ಕೊಡದಿದ್ದರೆ ಇನ್ನು ಅದು ಸುಮ್ಮನೆ ಕೂರುವುದಿಲ್ಲ. "ಕಾಯಾಕತ್ತೇನ್ರಿ, ಟೈಪ್ ಮಾಡ್ರಿ" ಎನ್ನುತ್ತದೆ.

"ಈಗ ನೋಡ್ರಿ, ಮನಷ್ಯಾರಂಗ ಆತು," ಎಂದು ಸೋಮನಿಂಗ ಬರೆದ.

ಅಲ್ಲಿಂದ ವಾರಕ್ಕೊಂದು ತಪ್ಪು ಹುಡುಕಿ ಕಳಿಸುವುದು ಅವನ ರೂಢಿಯಾಯಿತು. ತಪಾಸ್ ಕೆಲಸ ಮುಗಿಸಿ ಹೋಗುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ. ಸೊನ್ನೆ ಎಂದರೆ ಪ್ರೋಗ್ರಾಂ ಸರಿ, ಒಂದು ಎಂದರೆ ತಪ್ಪಿದೆ. ಫೈಲೇ ಸಿಗದಿದ್ದಾಗಲೂ ಒಂದನ್ನೇ ಬಿಡುತ್ತಿತ್ತು. ಅದಕ್ಕೆ ಅವನು ಜಗಳಕ್ಕೇ ನಿಂತ.

"ನಮ್ಮ ಲ್ಯಾಬಿನ ಹುಡುಗಿ ಫೈಲಿನ ಹೆಸರಿನಾಗ ಒಂದು ಅಕ್ಷರ ತಪ್ಪ್ಯಾಳ. ನಿಮ್ಮ ತಪಾಸ್ ಅಕಿ ಪ್ರೋಗ್ರಾಮೇ ತಪ್ಪು ಅಂತ ಬರದೈತಿ. ತಪ್ಪು ಐತಿ ಅನ್ನೂದು ಬ್ಯಾರೆ. ನನಗ ಓದಾಕ ಆಗಲಿಲ್ಲ ಅನ್ನೂದು ಬ್ಯಾರೆ."

ಓದಲಾಗದ್ದಕ್ಕೆ ಅವಳು ಎರಡು ಎಂಬ ಅಂಕಿ ಕೊಟ್ಟಳು. ಅವನ ಆ ಮಾತನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಮೂರು ತಿಂಗಳಲ್ಲಿ ಮಾತು ತಪಾಸನ್ನು ದಾಟಿತ್ತು. ತಾಳಿಕೋಟೆಯಲ್ಲಿ ಬಸ್ ತಪ್ಪಿದ್ದು, ಅವ್ವನ ಮಂಡಿನೋವು, ಯಾವ ಕ್ಯಾಂಟೀನಿನ ಚಹಾ ಬರೀ ನೀರು. ಅವನ ಮಾತು ನಿಂತಾಗ ಅವಳು ಪದ ಎತ್ತಿ ಕೊಡುತ್ತಿರಲಿಲ್ಲ. ಮೊದಮೊದಲು ಅದು ಕಷ್ಟವಾಗಿತ್ತು. ಆಮೇಲೆ ಆ ಮೌನಗಳಿಗಾಗಿಯೇ ಅವಳು ಸಂಜೆಯ ಫೋನಿನ ದಾರಿ ನೋಡತೊಡಗಿದಳು.

ಒಂದು ಗುರುವಾರ ಸಂಜೆ ಅವನು ಹೇಳಿದ: "ನಿಮ್ಮ ಜೋಡಿ ಒಂದು ಮಾತು ಐತಿ. ಇವತ್ತ ಬಾಯಿ ಒಪ್ಪವಲ್ದು. ನಾಳೆ ಹೇಳ್ತೇನಿ."

ಯಾವ ಮಾತೆಂದು ಮೂವತ್ತೊಂದರ ಪ್ರಿಯದರ್ಶಿನಿಗೆ ತಿಳಿಯದೇ ಇರಲಿಲ್ಲ. ಅವಳಿಗೂ ಅದೇ ಬೇಕಿತ್ತು.

ಶುಕ್ರವಾರ ಫೋನ್ ಬರಲಿಲ್ಲ. ಶನಿವಾರವೂ ಇಲ್ಲ. ಅವಳು ಮಾಡಿದ ಕರೆಗಳನ್ನು ಅವನು ಎತ್ತಲಿಲ್ಲ. ಹೀಗೇ ಹನ್ನೆರಡು ದಿನ ಹೋದವು.

ಹದಿಮೂರನೆಯ ದಿನ ಬಸವನ ಬಾಗೇವಾಡಿಯಲ್ಲಿ ನಾಲ್ಕೂ ಊರಿನ ಲ್ಯಾಬ್ ಮಾಸ್ತರರ ಕಾರ್ಯಾಗಾರ. ಸೋಮನಿಂಗ ಕೊನೆಯ ಸಾಲಿನಲ್ಲಿ ಕೂತಿದ್ದ. ಮೊದಲ ಸಲ ಎದುರಿಗೆ ಕಂಡದ್ದು. ಫೋಟೋದಲ್ಲಿದ್ದದ್ದಕ್ಕಿಂತ ತೆಳ್ಳಗಿದ್ದ. ಚಹಾದ ಹೊತ್ತಿಗೆ ಎಲ್ಲರೂ ಎದ್ದರು, ಅವನು ಏಳಲಿಲ್ಲ. ಅವಳು ನೇರ ಹೋಗಿ ಎದುರು ನಿಂತಳು.

"ಏನ್ ತಪ್ಪು ಮಾಡೇನಿ ಹೇಳಿಬಿಡ್ರಿ."

ಅವನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. 'ತಪಾಸ್' ಎಂದಷ್ಟೇ ಟೈಪ್ ಮಾಡಿ ಕೈ ಹಿಂದೆಗೆದ. 'ಕಾಯಾಕತ್ತೇನ್ರಿ, ಟೈಪ್ ಮಾಡ್ರಿ' ಎಂದ ಪರದೆಯನ್ನು ಇಬ್ಬರೂ ನೋಡಿದರು. ಹತ್ತು ಸೆಕೆಂಡ್ ಆಯಿತು.

"ಇನ್‌ಪುಟ್ ಬರಲಿಲ್ಲ. ಹೊಂಟೇನಿ."

ಅವಳದೇ ಸಾಲು. ಇಂಡಿಯ ಚನ್ನಬಸಯ್ಯ ಮಾಸ್ತರ, ಹುಡುಗರು ಫೈಲಿನ ಹೆಸರು ಮರೆತು ಸುಮ್ಮನೆ ಕೂರುತ್ತಾರೆ, ಹತ್ತು ಸೆಕೆಂಡಿಗೆ ನಿಲ್ಲುವಂತೆ ಮಾಡಿ ಎಂದು ಬೆನ್ನುಬಿದ್ದಿದ್ದರು. ಬರೆದು, ಶುಕ್ರವಾರ ಬೆಳಿಗ್ಗೆ ಎಲ್ಲರಿಗೂ ಕಳಿಸಿದ್ದಳು.

"ಇದು ಯಂತ್ರದ ಮಾತಲ್ಲ," ಎಂದ ಸೋಮನಿಂಗ. "ನಿಮ್ಮ ದನಿ ಐತಿ ಇದರಾಗ. ನಾ ಹೇಳ್ತೇನಿ ಅಂದದ್ದು ಗುರುವಾರ. ಇದು ಬಂದದ್ದು ಶುಕ್ರವಾರ."

ಅವಳಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನಗು, ಸಿಟ್ಟು, ಅಳು ಮೂರೂ ಒಟ್ಟಿಗೆ ಬಂದವು.

"ಅಯ್ಯ ಮಾರಾಯ್ರ! ಇದನ್ನ ಬರದದ್ದ ಗುರುವಾರ ಮಧ್ಯಾಹ್ನ. ನಿಮ್ಮ ಫೋನ್ ಬರೂಕಿಂತ ಮೊದ್ಲ. ವ್ಯಾಳ್ಯಾ ನೋಡ್ರಿ ಇಲ್ಲಿ."

ಅವಳು ತೆರೆದು ತೋರಿಸಿದ ಫೈಲಿನ ತಾರೀಖನ್ನು ಅವನು ನಿಜಕ್ಕೂ ಬಾಗಿ ನೋಡಿದ. ಗುರುವಾರ, ಹನ್ನೆರಡೂ ನಲವತ್ತು. ಅವನ ಕಿವಿಗಳು ಕೆಂಪಾದವು.

"ಹಂಗಾದ್ರ ನಾನ ತಪ್ಪು ಓದೇನಿ."

"ನಂದೂ ತಪ್ಪೈತಿ. ಮಂದಿಗೆ ಹಿಂಗ ಮುಖಕ್ಕ ಹೊಡದಂಗ ಬರೀಬಾರ್ದಿತ್ತು." ಅವಳು ಕುರ್ಚಿ ಎಳೆದು ಕೂತಳು. "ಈಗ ಹೇಳ್ರಿ."

"ನಾನು..." ಎಂದ. ಮಾತು ನಿಂತಿತು.

ಚಹಾ ಕಪ್ಪು ಹಿಡಿದು ಚನ್ನಬಸಯ್ಯನವರೇ ಬಂದರು. "ಏನ್ರಿ ಮಾಸ್ತರ, ಲ್ಯಾಪ್‌ಟಾಪ್ ಕೆಟ್ಟೈತೇನು? ಚಾರ್ಜರ್ ಬೇಕೇನು?"

"ಚನ್ನಬಸಯ್ಯನವರ, ಸುಮ್ನಿರ್ರಿ," ಎಂದಳು ಪ್ರಿಯದರ್ಶಿನಿ, ಸೋಮನಿಂಗನ ಮುಖದಿಂದ ಕಣ್ಣು ತೆಗೆಯದೆ. "ಇವ್ರ ಮಾತು ಇನ್ನೂ ಮುಗದಿಲ್ಲ."

ಅವರು ಕಪ್ಪಿನೊಂದಿಗೆ ಹಿಂದೆ ಸರಿದರು. ಮುಂದಿನ ಅವಧಿಯ ಗಂಟೆ ಬಾರಿಸಿತು. ಯಾರೋ ಇವರನ್ನು ಕರೆದರು. ಅವನು ಒಮ್ಮೆ ಕಣ್ಣು ಮುಚ್ಚಿದ, ಬೆರಳು ಮೇಜಿನ ಅಂಚು ಹಿಡಿಯಿತು. ಕಣ್ಣು ತೆರೆದಾಗ ಅವಳು ಅಲ್ಲೇ ಇದ್ದಳು, ಗದ್ದಕ್ಕೆ ಕೈಯಿಟ್ಟು, ಬೇರೆ ಎಲ್ಲಿಗೂ ಹೋಗಬೇಕಿಲ್ಲ ಎನ್ನುವಂತೆ.

"ನಾನು ನಿಮ್ಮ ಮನಿಗೆ ಬರ್ತೇನಿ. ಒಬ್ಬನ. ಎರಡು ಸಲ ಕನ್ಯಾ ನೋಡಾಕ ಹೋದಾಗ ನಮ್ಮ ಕಾಕಾನ ಎಲ್ಲಾ ಮಾತಾಡಿದ. ನಾ ಬಾಯಿ ತೆಗಿಯೂದ್ರಾಗ ಎಲ್ಲಾರೂ ಎದ್ದಿರ್ತಿದ್ರು. ಈ ಸಲ ನಾನ ಕೇಳ್ಬೇಕು. ಅದಕ್ಕ ಮೊದ್ಲ ನಿಮ್ಮನ್ನ ಕೇಳಾಕತ್ತೇನಿ."

"ಏನಂತ?"

"ಇಷ್ಟು ಹೇಳಿದ್ದು ಸಾಲೂದಿಲ್ಲೇನು?" ಅವನು ಹಣೆ ಒರೆಸಿಕೊಂಡ.

"ಊಂಹೂಂ. ಪೂರಾ ಕೇಳ್ಬೇಕು ನನಗ."

"ನನ್ನ ಲಗ್ನ ಆಗ್ತೀರೇನು?"

ಮೂರೇ ಪದ. ಅವು ಬರಲು ಹಿಡಿದ ಹೊತ್ತಿನಲ್ಲಿ ಪಕ್ಕದ ಸಭಾಂಗಣದಲ್ಲಿ ಮುಂದಿನ ಅವಧಿಯ ಪೀಠಿಕೆಯೇ ಮುಗಿದಿತ್ತು.

"ಆಗ್ತೇನಿ," ಎಂದಳು. "ಐತವಾರ ಬರ್ರಿ, ಸಂಜಿಮುಂದ. ಒಂದು ಹೇಳಿರ್ತೇನಿ. ನಮ್ಮಪ್ಪ ಮೂವತ್ನಾಕ ವರ್ಷ ಸಾಲಿ ಮಾಸ್ತರ. ಎಲ್ಲಾರ ಮಾತೂ ಅರ್ಧಕ್ಕ ತಿದ್ದತಾರ. ನಾ ಬಾಜೂಕ ಕುಂದರ್ತೇನಿ. ಅಪ್ಪ ನಡುವ ಬಾಯಿ ಹಾಕಿದ್ರ ಕೈ ಹಿಡೀತೇನಿ."

"ಯಾರ ಕೈ?"

ಪ್ರಿಯದರ್ಶಿನಿ ದುಪಟ್ಟಾದ ಅಂಚು ಸರಿಮಾಡಿದಳು, ಬಾಗಿಲ ಕಡೆ ನೋಡಿದಳು, ಮತ್ತೆ ಅವನನ್ನು ನೋಡಿದಳು.

"ನಿಮ್ಮಿಬ್ಬರ ನಡುವ ಕುಂದರ್ತೇನಿ," ಎಂದಳು. "ಎರಡು ಕೈ ಅದಾವಲ್ಲ ನನಗ."